ಗೈಡ್ ಆರಿಸುವ ಮುಂಚೆ ಅವರ ಸೈಟೇಶನ್ ಪಟ್ಟಿಯನ್ನು ಹೇಗೆ ಓದಬೇಕು?

ಪ್ರಶ್ನೆ: ನಾನು ದಾವಣಗೆರೆಯವಳು, ಟೆಕ್ಸ್‌ಟೈಲ್‌ನಲ್ಲಿ ಎಂ.ಟೆಕ್ ಮುಗಿಸಿದ್ದೇನೆ. ರೇಷ್ಮೆ ಮತ್ತು ಸಸ್ಯದ ನಾರುಗಳಿಂದ ಬಯೋಮೆಟೀರಿಯಲ್, ಅಂದರೆ ಗಾಯದ ಪಟ್ಟಿಯಂಥ ಮೈಗೆ ಒಗ್ಗುವ ವಸ್ತು, ಮಾಡುವ ವಿಷಯದಲ್ಲಿ ಪಿಎಚ್.ಡಿ. ಮಾಡುವ ಆಸೆ ಇದೆ. ಇಬ್ಬರು ಗೈಡ್‌ಗಳು ಸಿಗುವ ಹಾಗಿದೆ. ಒಬ್ಬರು ಹಿರಿಯರು. ಗೂಗಲ್ ಸ್ಕಾಲರ್‌ನಲ್ಲಿ ಅವರ ಎಚ್-ಇಂಡೆಕ್ಸ್ 41, ಸ್ಕೋಪಸ್‌ನಲ್ಲಿ ನೋಡಿದರೆ 30. ಇನ್ನೊಬ್ಬರು ಈಚೆಗೆ ಕೆಲಸಕ್ಕೆ ಸೇರಿದವರು, ಅವರದು 9. ಮನೆಯವರು, ಸ್ನೇಹಿತರು ಎಲ್ಲ 41 ಇರುವವರ ಹತ್ತಿರವೇ ಹೋಗು ಅಂತಾರೆ. ಈ ಸಂಖ್ಯೆಗಳನ್ನು ಎಷ್ಟು ನಂಬಬೇಕು? ಒಬ್ಬರ ಪೇಪರ್ ಪಟ್ಟಿ ನೋಡಿ ನಿಜವಾಗಿ ಏನು ತಿಳಿದುಕೊಳ್ಳಬಹುದು?

ಉತ್ತರ: ಸಂಖ್ಯೆ ಸುಳ್ಳು ಹೇಳುತ್ತಿಲ್ಲ. ಆದರೆ ನಿಮಗೆ ಬೇಕಾದ ಉತ್ತರ ಅದರಲ್ಲಿ ಇಲ್ಲ. ಎಚ್-ಇಂಡೆಕ್ಸ್ 41 ಅಂದರೆ ಇಷ್ಟೇ: ಇವರ ಪೇಪರ್‌ಗಳಲ್ಲಿ 41 ಪೇಪರ್‌ಗಳಿಗೆ ತಲಾ ಕನಿಷ್ಠ 41 ಸೈಟೇಶನ್ ಸಿಕ್ಕಿವೆ, ಅಂದರೆ ಬೇರೆ ಪೇಪರ್‌ಗಳು ಅವನ್ನು ಅಷ್ಟು ಸಲ ಹೆಸರಿಸಿವೆ. ಯಾರು ಸೈಟ್ ಮಾಡಿದರು, ಯಾಕೆ ಮಾಡಿದರು, ಲ್ಯಾಬಿನಲ್ಲಿ ನಿಂತು ಆ ಕೆಲಸ ಮಾಡಿದ್ದು ಯಾರು, ಮುಂದಿನ ನಾಲ್ಕೈದು ವರ್ಷ ನಿಮಗೆ ಅಲ್ಲಿ ಏನು ಕಲಿಯಲು ಸಿಗುತ್ತೆ, ಇದ್ಯಾವುದೂ ಆ ಸಂಖ್ಯೆಯಲ್ಲಿ ಕಾಣಲ್ಲ. ಅದು ಬೇಕಾದರೆ ಪಟ್ಟಿಯನ್ನು ತೆರೆದು ಒಂದೊಂದೇ ಪೇಪರ್ ನೋಡಬೇಕು. ಟೆಕ್ಸ್‌ಟೈಲ್, ಬಯೋಮೆಟೀರಿಯಲ್ ಎರಡರಲ್ಲೂ ಕೆಲಸ ಮಾಡಿದವರ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಆ ಒಂದೇ ಸಂಖ್ಯೆಯೊಳಗೆ ತೀರಾ ಬೇರೆ ಬೇರೆ ಅಭ್ಯಾಸ ಇರುವ ಎರಡು ಲೋಕಗಳು ಸೇರಿಕೊಂಡಿರುತ್ತವೆ.

ಮೊದಲು 41 ಮತ್ತು 30ರ ವ್ಯತ್ಯಾಸ ನೋಡೋಣ. ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಎರಡೂ ಶುರುವಾಗಿದ್ದು 2004ರಲ್ಲಿ, ಆದರೆ ಎಣಿಸುವ ರೀತಿ ಬೇರೆ. ಸ್ಕಾಲರ್ ಇಂಟರ್ನೆಟ್ಟಿನಲ್ಲಿ ಪೇಪರ್ ತರಹ ಕಾಣುವುದನ್ನೆಲ್ಲ ತಾನಾಗಿಯೇ ಹೆಕ್ಕಿಕೊಳ್ಳುತ್ತೆ. ಥೀಸಿಸ್, ಸಮ್ಮೇಳನದ ಪ್ರಬಂಧ, ಪುಸ್ತಕದ ಅಧ್ಯಾಯ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುಂಚೆಯೇ ಹಾಕಿದ ಪ್ರತಿ), ಕೆಲವೊಮ್ಮೆ ಒಂದೇ ಪೇಪರಿನ ಎರಡು ಪ್ರತಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ಕೋಪಸ್ ಎಲ್ಸೆವಿಯರ್ ಕಂಪನಿಯದು, ತಾನು ಆರಿಸಿಟ್ಟುಕೊಂಡ ಜರ್ನಲ್, ಪುಸ್ತಕ, ಸಮ್ಮೇಳನದ ಸಂಪುಟಗಳನ್ನು ಮಾತ್ರ ನೋಡುತ್ತೆ. ವೆಬ್ ಆಫ್ ಸೈನ್ಸ್ ಅನ್ನುವ ಇನ್ನೊಂದು ಡೇಟಾಬೇಸ್ ಇನ್ನೂ ಬಿಗಿ. ಹಾಗಾಗಿ ಒಬ್ಬರೇ ವ್ಯಕ್ತಿಗೆ ಮೂರು ಕಡೆ ಮೂರು ಸಂಖ್ಯೆ ಬರುವುದು ಮಾಮೂಲು, ಸ್ಕಾಲರ್‌ನದು ಸಾಮಾನ್ಯವಾಗಿ ದೊಡ್ಡದಿರುತ್ತೆ. ಹೋಲಿಸುವುದಿದ್ದರೆ ಇಬ್ಬರನ್ನೂ ಒಂದೇ ಕಡೆ ನೋಡಿ. ಒಬ್ಬರನ್ನು ಸ್ಕಾಲರ್‌ನಲ್ಲಿ, ಇನ್ನೊಬ್ಬರನ್ನು ಸ್ಕೋಪಸ್‌ನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ.

ನಮ್ಮ ಕಡೆಯ ಹೆಸರುಗಳದ್ದು ಇನ್ನೊಂದು ತೊಂದರೆ. ನಮ್ಮಲ್ಲಿ ಇನಿಷಿಯಲ್ ಅಂದರೆ ಊರು ಇರಬಹುದು, ಅಪ್ಪನ ಹೆಸರು ಇರಬಹುದು. ಡೇಟಾಬೇಸ್‌ಗೆ ಇದು ಗೊತ್ತಾಗಲ್ಲ, ಕೊನೆಯ ಪದವೇ ಮನೆತನದ ಹೆಸರು ಅಂದುಕೊಳ್ಳುತ್ತೆ. ಒಂದು ಪೇಪರಿನಲ್ಲಿ ಇನಿಷಿಯಲ್ ಹಾಕಿ, ಇನ್ನೊಂದರಲ್ಲಿ ಅದನ್ನೇ ಬಿಡಿಸಿ ಬರೆದರೆ ಒಬ್ಬರು ಇಬ್ಬರಾಗಿ ಬಿಡುತ್ತಾರೆ. ಕುಮಾರ್, ಪಾಟೀಲ್, ರೆಡ್ಡಿ ಅಂಥ ಹೆಸರುಗಳಲ್ಲಿ ಉಲ್ಟಾ: ಹಲವರು ಸೇರಿ ಒಬ್ಬರಾಗುತ್ತಾರೆ. ಸ್ಕಾಲರ್ ಪ್ರೊಫೈಲ್‌ಗೆ ಹೊಸ ಪೇಪರ್ ತಾನಾಗಿಯೇ ಸೇರಲಿ ಅಂತ ಬಿಟ್ಟಿದ್ದರೆ ಬೇರೆಯವರ ಕೆಲಸ ಒಳಗೆ ಬಂದು ಕೂತಿರುತ್ತೆ, ಮಾಲೀಕರಿಗೆ ಗೊತ್ತೂ ಇರಲ್ಲ. ರೇಷ್ಮೆ ಸಂಶೋಧಕರ ಪಟ್ಟಿಯಲ್ಲಿ ವಿದ್ಯುತ್ ಜಾಲದ ಪೇಪರ್ ಕಂಡರೆ ತಕ್ಷಣ ಕೆಟ್ಟದ್ದು ಅಂದುಕೊಳ್ಳಬೇಡಿ, ಹೆಸರಿನ ಗೊಂದಲ ಇರಬಹುದು. ಇದಕ್ಕೆಂದೇ 2012ರಲ್ಲಿ ಆರ್ಕಿಡ್ ಅನ್ನುವ 16 ಅಂಕಿಗಳ ಗುರುತಿನ ಸಂಖ್ಯೆ ಬಂತು. ಹಿರಿಯರ ಆರ್ಕಿಡ್ ಪುಟ ನೋಡಿ, ಅದನ್ನು ಅವರೇ ನೋಡಿಕೊಳ್ಳುತ್ತಿದ್ದರೆ ಅಲ್ಲಿನ ಪಟ್ಟಿ ಹೆಚ್ಚು ಚೊಕ್ಕಟವಾಗಿರುತ್ತೆ. ನೀವೂ ಈಗಲೇ ಒಂದು ಆರ್ಕಿಡ್ ಮಾಡಿಸಿಕೊಳ್ಳಿ, ಮೊದಲ ಪೇಪರಿನಿಂದಲೇ ಹೆಸರನ್ನು ಒಂದೇ ರೀತಿ ಬರೆಯಿರಿ. ಆಮೇಲೆ ಸರಿಪಡಿಸುವುದು ಬಲು ಕಿರಿಕಿರಿ.

ಇನ್ನು ಎಚ್-ಇಂಡೆಕ್ಸ್. ಇದನ್ನು 2005ರಲ್ಲಿ ಕೊಟ್ಟವರು ಹೋರ್ಹೆ ಹಿರ್ಷ್, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಒಂದೇ ಒಂದು ಪೇಪರ್ ಗೆದ್ದವರನ್ನೂ, ಯಾರೂ ಓದದ ನೂರು ಪೇಪರ್ ಬರೆದವರನ್ನೂ ಮೇಲಕ್ಕೆ ಎತ್ತದ ಒಂದು ಅಳತೆ ಅವರಿಗೆ ಬೇಕಿತ್ತು. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತೆ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಒಬ್ಬರ ಆರು ಪೇಪರ್‌ಗಳಿಗೆ 12, 10, 9, 8, 6, 5 ಸೈಟೇಶನ್ ಇವೆ ಅಂದುಕೊಳ್ಳಿ. ಇನ್ನೊಬ್ಬರಿಗೆ 900, 400, 30, 8, 6, 5. ಇಬ್ಬರ ಎಚ್-ಇಂಡೆಕ್ಸೂ 5. ಎರಡನೆಯವರು ಒಂದು ಕ್ಷೇತ್ರದ ದಾರಿಯನ್ನೇ ಬದಲಾಯಿಸಿರಬಹುದು, ಸಂಖ್ಯೆಗೆ ಅದು ಕಾಣಲ್ಲ. ಜೊತೆಗೆ ಇದು ಯಾವತ್ತೂ ಕೆಳಗಿಳಿಯಲ್ಲ. ಸಂಶೋಧನೆ ಬಿಟ್ಟು ಹತ್ತು ವರ್ಷ ಆಡಳಿತ ನೋಡಿಕೊಂಡವರ ಎಚ್-ಇಂಡೆಕ್ಸ್ ಕೂಡ ಹಳೆಯ ಪೇಪರ್‌ಗಳ ಬಲದಿಂದ ಏರುತ್ತಾ ಹೋಗುತ್ತೆ. ಇದು ಹಿರ್ಷ್ ಅವರಿಗೂ ಗೊತ್ತಿತ್ತು. ಅದಕ್ಕೇ ಅವರು ಅದೇ ಲೇಖನದಲ್ಲಿ ಎಚ್-ಇಂಡೆಕ್ಸನ್ನು ಸಂಶೋಧನೆಯ ವರ್ಷಗಳಿಂದ ಭಾಗಿಸಿ ನೋಡುವುದನ್ನೂ ಸೂಚಿಸಿದರು. ವರ್ಷಕ್ಕೆ ಒಂದರಂತೆ ಏರಿದರೆ ಯಶಸ್ವಿ ಭೌತವಿಜ್ಞಾನಿ ಅನ್ನುವುದು ಅವರ ಅಂದಾಜು. ಅದು ಭೌತಶಾಸ್ತ್ರದ ಅಳತೆ, ಟೆಕ್ಸ್‌ಟೈಲ್‌ಗೆ ಹಾಗೇ ಹೊಂದಲ್ಲ. ಆದರೂ ನಿಮ್ಮ ಎರಡನೆಯ ಗೈಡ್ ಮೊದಲ ಪೇಪರ್ ಬರೆದು ಎಂಟು ವರ್ಷ ಆಗಿದ್ದು, ಹಿರಿಯರು ಬರೆಯಲು ಶುರುಮಾಡಿ ಮೂವತ್ತು ವರ್ಷ ದಾಟಿದ್ದರೆ, 9 ಮತ್ತು 41ರ ನಡುವಿನ ಅಂತರ ಅಷ್ಟು ದೊಡ್ಡದಾಗಿ ಕಾಣಲ್ಲ, ಅಲ್ವಾ?

ಈಗ ಟೆಕ್ಸ್‌ಟೈಲ್ ಮತ್ತು ಬಯೋಮೆಟೀರಿಯಲ್ ವಿಷಯಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಜಾಸ್ತಿ ಇರುವುದು ಇಲ್ಲೇ.

ಟೆಕ್ಸ್‌ಟೈಲ್ ಸಂಶೋಧನೆ ಚಿಕ್ಕ ಲೋಕ. ಟೆಕ್ಸ್‌ಟೈಲ್ ರಿಸರ್ಚ್ ಜರ್ನಲ್, ಮ್ಯಾಂಚೆಸ್ಟರ್‌ನ ಟೆಕ್ಸ್‌ಟೈಲ್ ಇನ್‌ಸ್ಟಿಟ್ಯೂಟ್‌ನ ಜರ್ನಲ್, ನಮ್ಮ ಸಿಎಸ್‌ಐಆರ್ ಹೊರತರುವ ಇಂಡಿಯನ್ ಜರ್ನಲ್ ಆಫ್ ಫೈಬರ್ ಅಂಡ್ ಟೆಕ್ಸ್‌ಟೈಲ್ ರಿಸರ್ಚ್, ಇವೆಲ್ಲ ಮರ್ಯಾದೆ ಇರುವ ಜರ್ನಲ್‌ಗಳು. ಇವುಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದೆರಡರ ಆಸುಪಾಸು. ಬಯೋಮೆಟೀರಿಯಲ್ಸ್ ಅನ್ನುವ ಜರ್ನಲ್‌ನದು ಹತ್ತಕ್ಕೂ ಮೇಲೆ. ಇದರಿಂದ ನೂಲು, ನೇಯ್ಗೆ, ಬಣ್ಣದ ಸಂಶೋಧನೆ ಕಳಪೆ ಅಂತ ಆಗಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಹುಟ್ಟಿದ ರೀತಿ ನೋಡಿ. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ, 2022 ಮತ್ತು 2023ರಲ್ಲಿ ಆ ಜರ್ನಲ್‌ನಲ್ಲಿ ಬಂದ ಪೇಪರ್‌ಗಳಿಗೆ 2024ರಲ್ಲಿ ಸಿಕ್ಕ ಸೈಟೇಶನ್‌ಗಳನ್ನು ಆ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸಿದ್ದು. ಎರಡೇ ವರ್ಷದ ಕಿಟಕಿ. ಔಷಧ, ಜೀವಕೋಶದ ಕೆಲಸದಲ್ಲಿ ಎರಡು ವರ್ಷದಲ್ಲಿ ನೂರಾರು ಲ್ಯಾಬ್‌ಗಳು ಬಂದು ಸೇರಿಕೊಳ್ಳುತ್ತವೆ. ನಾರಿನ ಬಲ, ಬಟ್ಟೆಯ ಸುಕ್ಕು, ಡೈಯಿಂಗ್ ಕುರಿತ ಪೇಪರ್ ನಿಧಾನವಾಗಿ, ಹತ್ತು ಹದಿನೈದು ವರ್ಷ ಕೂಡ ಬಳಕೆಯಲ್ಲಿರುತ್ತೆ. ಅದೂ ಅಲ್ಲದೆ ಟೆಕ್ಸ್‌ಟೈಲ್‌ನಲ್ಲಿ ಒಳ್ಳೆಯ ಕೆಲಸ ಹೋಗಿ ಸೇರುವುದು ಮಿಲ್ಲಿಗೆ. ಡೈಯಿಂಗ್ ಮಾಸ್ಟರ್ ಒಂದು ಹೊಸ ರೆಸಿಪಿ ಚೆನ್ನಾಗಿದೆ ಅಂತ ದಿನಾ ಬಳಸುತ್ತಾರೆ, ಆದರೆ ಅವರು ಪೇಪರ್ ಬರೆಯಲ್ಲ, ಸೈಟ್ ಮಾಡಲ್ಲ. ಸಾವಿರಾರು ಮೀಟರ್ ಬಟ್ಟೆಗೆ ನೆರವಾದ ಕೆಲಸಕ್ಕೆ ಸ್ಕಾಲರ್‌ನಲ್ಲಿ ಹದಿನೈದು ಸೈಟೇಶನ್ ಇರಬಹುದು.

ಆದ್ದರಿಂದ ನಿಮ್ಮ ಇಬ್ಬರು ಗೈಡ್‌ಗಳ ಪಟ್ಟಿಯನ್ನೂ ಎರಡು ಭಾಗ ಮಾಡಿ. ಟೆಕ್ಸ್‌ಟೈಲ್ ಜರ್ನಲ್‌ಗಳಲ್ಲಿ ಬಂದದ್ದು ಒಂದು ಕಡೆ, ಪಾಲಿಮರ್, ಆಹಾರ, ಬಯೋಮೆಟೀರಿಯಲ್ ಜರ್ನಲ್‌ಗಳಲ್ಲಿ ಬಂದದ್ದು ಇನ್ನೊಂದು ಕಡೆ. ಸೈಟೇಶನ್ ಸಂಖ್ಯೆಯನ್ನು ಆಯಾ ಭಾಗದೊಳಗೇ ಹೋಲಿಸಿ.

ಆಮೇಲೆ ಜಾಸ್ತಿ ಸೈಟೇಶನ್ ಇರುವ ನಾಲ್ಕೈದು ಪೇಪರ್ ತೆರೆಯಿರಿ. ಮೊದಲು ನೋಡಬೇಕಾದ್ದು, ಅದು ರಿವ್ಯೂ ಪೇಪರೋ (ಬೇರೆಯವರ ಕೆಲಸವನ್ನೆಲ್ಲ ಒಟ್ಟುಗೂಡಿಸಿ ವಿಮರ್ಶಿಸುವುದು), ವಿಧಾನದ ಪೇಪರೋ, ಪ್ರಯೋಗದ ಪೇಪರೋ ಅಂತ. ರೇಷ್ಮೆ ಬಯೋಮೆಟೀರಿಯಲ್‌ನಲ್ಲಿ ಮೊದಲ ಎರಡಕ್ಕೂ ಒಳ್ಳೆಯ ಉದಾಹರಣೆ ಸಿಗುತ್ತವೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ಯಾಪ್ಲನ್ ಅವರ ತಂಡ 2003ರಲ್ಲಿ ಬಯೋಮೆಟೀರಿಯಲ್ಸ್ ಜರ್ನಲ್‌ನಲ್ಲಿ ರೇಷ್ಮೆಯ ಬಗ್ಗೆ ಒಂದು ರಿವ್ಯೂ ಬರೆಯಿತು. ಈ ಕ್ಷೇತ್ರಕ್ಕೆ ಕಾಲಿಡುವವರೆಲ್ಲ ಪೀಠಿಕೆಯಲ್ಲಿ ಅದನ್ನು ಹೆಸರಿಸಿಯೇ ಮುಂದೆ ಹೋಗುತ್ತಾರೆ. ರಿವ್ಯೂಗೆ ಸೈಟೇಶನ್ ಹೆಚ್ಚು ಬರುವುದು ಸಹಜ, ಯಾಕೆಂದರೆ ಇಪ್ಪತ್ತು ಪೇಪರ್ ಹೆಸರಿಸುವ ಬದಲು ಒಂದನ್ನು ಹೆಸರಿಸಿದರೆ ಕೆಲಸ ಮುಗಿಯುತ್ತೆ. ಒಳ್ಳೆಯ ರಿವ್ಯೂ ಬರೆಯುವುದು ದೊಡ್ಡ ವಿದ್ವತ್ತೇ. ಆದರೆ ಅದನ್ನು ನೋಡಿ ಲ್ಯಾಬಿನ ಬಲ ಅಳೆಯಲು ಆಗಲ್ಲ.

ವಿಧಾನದ ಪೇಪರಿಗೆ ಸಿಗುವ ಸೈಟೇಶನ್ ಬೇರೆ ತರಹದ್ದು. ಅದೇ ತಂಡ 2011ರಲ್ಲಿ ನೇಚರ್ ಪ್ರೊಟೊಕಾಲ್ಸ್‌ನಲ್ಲಿ ರೇಷ್ಮೆಗೂಡಿನಿಂದ ಫೈಬ್ರೊಯಿನ್ (ರೇಷ್ಮೆ ನಾರಿನ ಮುಖ್ಯ ಪ್ರೋಟೀನ್) ದ್ರಾವಣ ಮಾಡುವುದು ಹೇಗೆ ಅಂತ ಹಂತ ಹಂತವಾಗಿ ಬರೆಯಿತು. ಗೂಡನ್ನು ಕತ್ತರಿಸಿ 0.02 ಮೋಲಾರ್ ಸೋಡಿಯಂ ಕಾರ್ಬೊನೇಟ್‌ನಲ್ಲಿ 30 ನಿಮಿಷ ಕುದಿಸಿ, ಅಂಟು ತೆಗೆದು, ತೊಳೆದು ಒಣಗಿಸಬೇಕು. 9.3 ಮೋಲಾರ್ ಲಿಥಿಯಂ ಬ್ರೋಮೈಡ್‌ನಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ಗಂಟೆ ಇಟ್ಟು ಕರಗಿಸಬೇಕು. ಆಮೇಲೆ ಎರಡು ದಿನ ನೀರಿನಲ್ಲಿ ಡಯಾಲಿಸಿಸ್ ಮಾಡಿ ಉಪ್ಪು ತೆಗೆಯಬೇಕು. ಈ ಕೆಲಸ ಮಾಡುವ ಎಷ್ಟೋ ಲ್ಯಾಬ್‌ಗಳಲ್ಲಿ ವಿದ್ಯಾರ್ಥಿಗಳು ಇದನ್ನೇ ಅನುಸರಿಸಿ, ತಮ್ಮ ಪೇಪರಿನ ವಿಧಾನ ಭಾಗದಲ್ಲಿ ಅದನ್ನು ಹೆಸರಿಸುತ್ತಾರೆ. ನನ್ನ ಮಟ್ಟಿಗೆ ಇಂಥ ಸೈಟೇಶನ್‌ಗೆ ತೂಕ ಜಾಸ್ತಿ. ಬೇರೆಯವರು ಅದನ್ನು ಮಾಡಿ ನೋಡಿದ್ದಾರೆ, ಅದು ಅವರ ಕೈಯಲ್ಲೂ ಕೆಲಸ ಮಾಡಿದೆ ಅನ್ನುವುದಕ್ಕೆ ಅದು ಸಾಕ್ಷಿ. ನಿಮ್ಮ ಗೈಡ್‌ಗಳ ಪಟ್ಟಿಯಲ್ಲಿ ಇಂಥ ಒಂದು ಪೇಪರ್ ಇದ್ದರೂ ಅದನ್ನು ಗಮನದಿಂದ ಓದಿ.

ಇನ್ನು ನೋಡಬೇಕಾದ್ದು, ಸೈಟ್ ಮಾಡುವಾಗ ಮಾತು ಹೇಗೆ ಬದಲಾಗುತ್ತೆ ಅನ್ನುವುದು. ರೇಷ್ಮೆಗೂಡಿನ ತೂಕದಲ್ಲಿ ಸುಮಾರು 20ರಿಂದ 30 ಶೇಕಡಾ ಸೆರಿಸಿನ್ ಅನ್ನುವ ಅಂಟು ಇರುತ್ತೆ. ನಮ್ಮ ಡೀಗಮ್ಮಿಂಗ್ (ಅಂಟು ತೆಗೆಯುವ) ಘಟಕಗಳ ನೀರಿನಲ್ಲಿ ಹರಿದು ಹೋಗುವುದು ಇದೇ. ಹಿಂದೆ ಕೆಲವು ರೇಷ್ಮೆ ಹೊಲಿಗೆ ದಾರಗಳಿಂದ ರೋಗಿಗಳ ಮೈಯಲ್ಲಿ ಆದ ಪ್ರತಿಕ್ರಿಯೆಗೆ ಉಳಿದುಕೊಂಡ ಸೆರಿಸಿನ್ ಕಾರಣ ಇರಬಹುದು ಅಂತ ಆ 2003ರ ರಿವ್ಯೂ ಹೇಳುತ್ತೆ. ಇರಬಹುದು ಅಂತ, ಎಚ್ಚರದ ಮಾತು. ಅದನ್ನು ಸೈಟ್ ಮಾಡುವ ಪೇಪರ್‌ಗಳನ್ನು ತೆರೆದು ಓದಿ, ಸೆರಿಸಿನ್ ಅಲರ್ಜಿ ತರುತ್ತೆ ಅಂತ ಖಚಿತವಾಗಿ ಬರೆದವೂ ನಿಮಗೆ ಸಿಗುತ್ತವೆ. ಅದಕ್ಕೂ ಮುಂಚೆ, 2002ರಲ್ಲೇ, ಚೀನಾದ ಯು-ಚಿಂಗ್ ಜಾಂಗ್ ಬಯೋಟೆಕ್ನಾಲಜಿ ಅಡ್ವಾನ್ಸಸ್‌ನಲ್ಲಿ ಸೆರಿಸಿನ್ನನ್ನೇ ಬಯೋಮೆಟೀರಿಯಲ್ ಆಗಿ ಹೇಗೆ ಬಳಸಬಹುದು ಅಂತ ರಿವ್ಯೂ ಬರೆದಿದ್ದರು. ಆ ಸಾಲಿನಲ್ಲಿ ಬಂದವರು ಒಂಟಿ ಸೆರಿಸಿನ್ ಅಷ್ಟೇನೂ ಅಪಾಯಕಾರಿ ಅಲ್ಲ ಅಂತ ಮತ್ತೆ ಮತ್ತೆ ತೋರಿಸಬೇಕಾಯಿತು. ಒಂದು ಪೇಪರಿಗೆ ಸಾವಿರ ಸೈಟೇಶನ್ ಇದೆ ಅಂದರೆ ಸಾವಿರ ಜನ ಅದನ್ನು ಓದಿದ್ದಾರೆ ಅಂತ ಅರ್ಥ ಅಲ್ಲ. ಹಲವರು ಹಿಂದಿನ ಪೇಪರಿನ ಸಾಲನ್ನೇ ಎತ್ತಿಕೊಂಡಿರುತ್ತಾರೆ. ನಿಮ್ಮ ಗೈಡ್ ಬರೆದ ಪೀಠಿಕೆಗಳನ್ನು ಈ ಕಣ್ಣಿನಿಂದ ನೋಡಿ. ಮೂಲ ಪೇಪರ್ ಹೇಳಿದ್ದನ್ನೇ ಹೇಳುತ್ತಾರಾ, ಅಥವಾ ಒಂದು ಹೆಜ್ಜೆ ಮುಂದೆ ಹೋಗುತ್ತಾರಾ? ಹತ್ತು ಸಾಲು ಹೋಲಿಸಿದರೆ ಸಾಕು, ಆ ಲ್ಯಾಬಿನ ಶಿಸ್ತು ಗೊತ್ತಾಗುತ್ತೆ.

ಸಸ್ಯದ ನಾರಿನ ಕಡೆಯಿಂದ ಒಂದು ಉದಾಹರಣೆ ಕೊಡುತ್ತೇನೆ, ನಿಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. ಅಮೆರಿಕದ ನೆಬ್ರಾಸ್ಕಾ-ಲಿಂಕನ್ ವಿಶ್ವವಿದ್ಯಾಲಯದಲ್ಲಿ ನರೇಂದ್ರ ರೆಡ್ಡಿ ಮತ್ತು ಯಿಚಿ ಯಾಂಗ್ 2005ರಲ್ಲಿ ಟ್ರೆಂಡ್ಸ್ ಇನ್ ಬಯೋಟೆಕ್ನಾಲಜಿಯಲ್ಲಿ ಹೊಲದಲ್ಲಿ ಉಳಿಯುವ ಹುಲ್ಲು, ಸಿಪ್ಪೆ, ದಂಟುಗಳಿಂದ ನಾರು ತೆಗೆಯುವ ಬಗ್ಗೆ ರಿವ್ಯೂ ಬರೆದರು. ಮೆಕ್ಕೆಜೋಳದ ತೆನೆಯ ಸಿಪ್ಪೆಯಿಂದ ನಾರು ತೆಗೆದ ಕೆಲಸವೂ ಅವರದೇ. ರೆಡ್ಡಿ ಅವರು ಆಮೇಲೆ ಬೆಂಗಳೂರಿಗೆ ಬಂದು ಇಲ್ಲೇ ಸಂಶೋಧನೆ ಮುಂದುವರಿಸಿದರು. ಇವರಿಬ್ಬರು 2010ರಲ್ಲಿ ಪಿಷ್ಟದ ಫಿಲ್ಮನ್ನು ಸಿಟ್ರಿಕ್ ಆಸಿಡ್‌ನಿಂದ ಕ್ರಾಸ್‌ಲಿಂಕ್ ಮಾಡಿ, ಅಂದರೆ ಅಣುಗಳ ಸರಪಳಿಗಳನ್ನು ಒಂದಕ್ಕೊಂದು ಬೆಸೆದು, ಗಟ್ಟಿಗೊಳಿಸುವ ಬಗ್ಗೆ ಒಂದು ಪೇಪರ್ ಬರೆದರು. ಅದು ಬಂದಿದ್ದು ಟೆಕ್ಸ್‌ಟೈಲ್ ಜರ್ನಲ್‌ನಲ್ಲಿ ಅಲ್ಲ, ಫುಡ್ ಕೆಮಿಸ್ಟ್ರಿಯಲ್ಲಿ. ಪ್ಯಾಕೇಜಿಂಗ್ ಫಿಲ್ಮ್, ಹೈಡ್ರೋಜೆಲ್ (ನೀರು ಹೀರಿ ಹಿಡಿದಿಡುವ ಜೆಲ್), ಜೈವಿಕ ಪ್ಲಾಸ್ಟಿಕ್ ಮಾಡುವವರು ಅದನ್ನು ತುಂಬಾ ಸೈಟ್ ಮಾಡುತ್ತಾರೆ. ಹಾಗೆ ಮಾಡುವವರಲ್ಲಿ ಎಷ್ಟೋ ಮಂದಿಗೆ ಲೇಖಕರು ಟೆಕ್ಸ್‌ಟೈಲ್ ಹಿನ್ನೆಲೆಯವರು ಅಂತ ಗೊತ್ತಿರಲಿಕ್ಕಿಲ್ಲ.

ಆದರೆ ಆ ಯೋಚನೆಯ ಬೇರು ಇರುವುದು ಅಂಗಿಯ ಬಟ್ಟೆಯಲ್ಲಿ. ಹತ್ತಿ ಬಟ್ಟೆ ಸುಕ್ಕಾಗದಂತೆ ಮಾಡಲು ಮಿಲ್‌ಗಳು ಫಾರ್ಮಾಲ್ಡಿಹೈಡ್ ಬಿಡುವ ರೆಸಿನ್‌ಗಳನ್ನು ಬಳಸುತ್ತಿದ್ದವು. ಅದಕ್ಕೆ ಬದಲಿ ಹುಡುಕುತ್ತಾ ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ ಕ್ಲಾರ್ಕ್ ವೆಲ್ಚ್ 1988ರಲ್ಲಿ ಟೆಕ್ಸ್‌ಟೈಲ್ ರಿಸರ್ಚ್ ಜರ್ನಲ್‌ನಲ್ಲಿ ನಾಲ್ಕು ಕಾರ್ಬಾಕ್ಸಿಲ್ ಗುಂಪು ಇರುವ ಆಮ್ಲಗಳು ಹತ್ತಿಯ ಸೆಲ್ಯುಲೋಸ್ ಸರಪಳಿಗಳನ್ನು ಹೇಗೆ ಜೋಡಿಸುತ್ತವೆ ಅಂತ ತೋರಿಸಿದರು. ಆ ಆಮ್ಲ ದುಬಾರಿ. ಅಗ್ಗದ ಸಿಟ್ರಿಕ್ ಆಸಿಡ್ ಬಳಸಿದರೆ ಕ್ಯೂರಿಂಗ್ (ಬಿಸಿಮಾಡಿ ಗಟ್ಟಿಗೊಳಿಸುವ) ಶಾಖಕ್ಕೆ ಬಿಳಿ ಬಟ್ಟೆ ಹಳದಿಯಾಗುತ್ತಿತ್ತು, ಅಂಗಿಗೆ ಅದು ದೊಡ್ಡ ತೊಡಕು. ಪಿಷ್ಟದ ಫಿಲ್ಮ್‌ಗೆ ಸ್ವಲ್ಪ ಹಳದಿ ಬಂದರೆ ಅಷ್ಟು ತೊಂದರೆ ಇಲ್ಲ. ಸಿಟ್ರಿಕ್ ಆಸಿಡ್ ತಿನ್ನುವ ವಸ್ತು ಬೇರೆ. ಹೀಗೆ ಮಿಲ್ಲಿನ ಫಿನಿಷಿಂಗ್ ವಿಭಾಗದ ಜ್ಞಾನ ಆಹಾರದ ಪೊಟ್ಟಣಕ್ಕೆ, ಅಲ್ಲಿಂದ ಗಾಯದ ಪಟ್ಟಿಗೆ ಹೋಯಿತು. ಇವತ್ತು ಈ ವಿಧಾನ ಬಳಸುವ ವಿದ್ಯಾರ್ಥಿ 2010ರ ಪೇಪರನ್ನು ಸೈಟ್ ಮಾಡಬಹುದು, 1988ರದ್ದರ ತನಕ ಹೋಗುವವರು ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಟೆಕ್ಸ್‌ಟೈಲ್‌ನವರ ಕೆಲಸ ಬೇರೆ ಕ್ಷೇತ್ರದ ಲೆಕ್ಕಕ್ಕೆ ಜಮೆಯಾಗಿ, ಟೆಕ್ಸ್‌ಟೈಲ್ ಸಂಶೋಧನೆಗೆ ಭವಿಷ್ಯ ಇಲ್ಲ ಅಂತ ಜನ ಹೇಳುವ ಹಾಗೆ ಆಗಿದೆ. ನಿಮ್ಮಂಥವರಿಗೆ ಮಾತ್ರ ಇದು ಒಳ್ಳೆಯ ಸುದ್ದಿ. ಮಿಲ್ಲಿನ ಕೆಮಿಸ್ಟ್ರಿ ಗೊತ್ತಿದ್ದು ಬಯೋಮೆಟೀರಿಯಲ್‌ಗೆ ಬರುವವರು ತರುವ ಉಪಾಯಗಳು ಅಲ್ಲಿರುವವರಿಗೆ ತೋಚದೇ ಇರಬಹುದು.

ಹಾಗಾದರೆ ಪಟ್ಟಿಯಲ್ಲಿ ಕೆಟ್ಟ ಲಕ್ಷಣ ಯಾವುದು? ಸ್ವಂತ ಪೇಪರನ್ನು ತಾವೇ ಸೈಟ್ ಮಾಡುವುದು ತಪ್ಪಲ್ಲ. ಮೆಕ್ಕೆಜೋಳದ ಸಿಪ್ಪೆ ಆದ ಮೇಲೆ ಭತ್ತದ ಹುಲ್ಲಿಗೆ ಹೋದವರು ತಮ್ಮ ಹಿಂದಿನ ಕೆಲಸ ಹೆಸರಿಸಲೇಬೇಕು. ಆದರೆ ಸ್ಕೋಪಸ್‌ನಲ್ಲಿ ಸ್ವಂತ ಸೈಟೇಶನ್ ತೆಗೆದು ನೋಡುವ ಸೌಲಭ್ಯ ಇದೆ, ಅದನ್ನು ಒತ್ತಿದಾಗ ಸಂಖ್ಯೆ ಅರ್ಧಕ್ಕೆ ಇಳಿದರೆ ಯೋಚಿಸಿ. ಒಂದೇ ಕೆಲಸವನ್ನು ತುಂಡು ತುಂಡು ಮಾಡಿ ಹಂಚುವುದು ನಮ್ಮ ಕ್ಷೇತ್ರದಲ್ಲಿ ತೀರಾ ಸುಲಭ. ಒಂದು ಹತ್ತಿ ಬಟ್ಟೆ ತಗೊಂಡು ಬೇವಿನ ಸಾರ ಹಾಕಿ ಒಂದು ಪೇಪರ್, ತುಳಸಿಗೆ ಒಂದು, ಲೋಳೆಸರಕ್ಕೆ ಇನ್ನೊಂದು. ಎಲ್ಲದರಲ್ಲೂ ಬ್ಯಾಕ್ಟೀರಿಯಾ ಸಾಯುತ್ತೆ ಅನ್ನುವ ಅದೇ ಫಲಿತಾಂಶ. ಅಂಥ ಪೇಪರ್ ಕಂಡರೆ ನೇರ ಫಲಿತಾಂಶದ ಟೇಬಲ್‌ಗೆ ಹೋಗಿ. ಬ್ಯಾಕ್ಟೀರಿಯಾ ಎಷ್ಟು ಕಡಿಮೆಯಾಯಿತು ಅಂತ ಎಣಿಸುವ ಎಎಟಿಸಿಸಿ 100 (ಅಮೆರಿಕದ ಟೆಕ್ಸ್‌ಟೈಲ್ ಸಂಘದ ಮಾನದಂಡ) ಪರೀಕ್ಷೆ ಮಾಡಿದ್ದಾರಾ, ಅಥವಾ ಬರೀ ಗೆರೆ ಎಳೆದು ನೋಡುವ 147 ಮಾತ್ರವಾ? ಬಟ್ಟೆಯನ್ನು ಹತ್ತು ಇಪ್ಪತ್ತು ಸಲ ಒಗೆದ ಮೇಲೆ ಗುಣ ಉಳಿದಿದೆಯಾ? ಒಗೆತದ ಕಾಲಂ ಇಲ್ಲದ ಪೇಪರ್‌ಗಳು ಸಾಲಾಗಿ ಇದ್ದರೆ ಆ ಲ್ಯಾಬಿನಲ್ಲಿ ಪೇಪರ್ ಸಂಖ್ಯೆಗೆ ಬೆಲೆ ಜಾಸ್ತಿ ಅಂತ ನಾನು ಅಂದುಕೊಳ್ಳುತ್ತೇನೆ.

ಬಯೋಮೆಟೀರಿಯಲ್ ಕಡೆಯ ಪೇಪರ್‌ಗಳಲ್ಲೂ ಇಂಥದ್ದೇ ಒಂದು ಜಾಗ ಇದೆ. ಗಾಯದ ಪಟ್ಟಿಗೆ ಬಳಸಬಹುದು ಅನ್ನುವ ಮಾತು ಕೊನೆಯ ಸಾಲಿನಲ್ಲಿ ಇರುತ್ತೆ. ಹಿಂದೆ ಹೋಗಿ ನೋಡಿದರೆ ಇಲಿಯ ಎಲ್929 ಜೀವಕೋಶಗಳ ಮೇಲೆ, ಕೋಶಗಳು ಬದುಕಿವೆಯಾ ಅಂತ ನೋಡುವ ಒಂದು ಎಂಟಿಟಿ ಪರೀಕ್ಷೆ ಮಾತ್ರ ಮಾಡಿರುತ್ತಾರೆ. ಅದು ವೈದ್ಯಕೀಯ ವಸ್ತುಗಳ ಸುರಕ್ಷತೆ ಪರೀಕ್ಷಿಸುವ ಐಎಸ್‌ಒ 10993 ಮಾನದಂಡದ ಮೊದಲ ಮೆಟ್ಟಿಲುಗಳಲ್ಲಿ ಒಂದು, ಅಷ್ಟೇ. ಮೊದಲ ಮೆಟ್ಟಿಲನ್ನು ಮೊದಲ ಮೆಟ್ಟಿಲು ಅಂತಲೇ ಹೇಳಿಕೊಳ್ಳುವ ಲ್ಯಾಬ್ ಒಳ್ಳೆಯದು.

ಜರ್ನಲ್ ಬಗ್ಗೆಯೂ ಕಣ್ಣಿಡಿ. ಹಿಂದಾವಿ ಪ್ರಕಾಶನದ ಜರ್ನಲ್‌ಗಳಲ್ಲಿ ಬಂದ 8000ಕ್ಕೂ ಜಾಸ್ತಿ ಪೇಪರ್‌ಗಳನ್ನು 2023ರಲ್ಲಿ ಒಂದೇ ವರ್ಷ ಹಿಂತೆಗೆದುಕೊಳ್ಳಲಾಯಿತು, ಹೆಚ್ಚಿನವು ಅತಿಥಿ ಸಂಪಾದಕರು ನೋಡಿಕೊಂಡ ವಿಶೇಷ ಸಂಚಿಕೆಗಳವು. ಅದರಲ್ಲಿ ಬರೆದವರೆಲ್ಲ ಮೋಸ ಮಾಡಿದವರಲ್ಲ. ಆದರೂ ಒಬ್ಬರ ಪಟ್ಟಿಯ ದೊಡ್ಡ ಪಾಲು ವಿಶೇಷ ಸಂಚಿಕೆಗಳಲ್ಲೇ ಬಂದಿದ್ದರೆ ಒಮ್ಮೆ ನಿಂತು ನೋಡಬೇಕು. ಯುಜಿಸಿ 2022ರ ನಿಯಮಗಳಲ್ಲಿ ಪಿಎಚ್.ಡಿ. ಥೀಸಿಸ್ ಕೊಡುವ ಮುಂಚೆ ಜರ್ನಲ್ ಪೇಪರ್ ಕಡ್ಡಾಯ ಅನ್ನುವುದನ್ನು ತೆಗೆಯಿತು, 2025ರಲ್ಲಿ ಕೇರ್ ಅನ್ನುವ ಒಪ್ಪಿತ ಜರ್ನಲ್‌ಗಳ ಪಟ್ಟಿಯನ್ನೂ ಕೈಬಿಟ್ಟಿತು. ಅಂದರೆ ಒಳ್ಳೆಯ ಜರ್ನಲ್ ಯಾವುದು ಅಂತ ನೋಡಿ ತೀರ್ಮಾನಿಸುವ ಹೊಣೆ ಈಗ ನಿಮ್ಮ ಮತ್ತು ನಿಮ್ಮ ಗೈಡ್ ಮೇಲಿದೆ. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು, ಅದನ್ನು ಕೇಳಿ ತಿಳಿದುಕೊಳ್ಳಿ.

ವಿಶ್ವದ ಶೇಕಡಾ 2 ವಿಜ್ಞಾನಿಗಳ ಪಟ್ಟಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಮಾಹಿತಿಯಿಂದ ಮಾಡುವ ಪಟ್ಟಿ ಅದು. ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಯಾವ ಪಟ್ಟಿ, ಯಾವ ಉಪಕ್ಷೇತ್ರ ಅಂತ ಕೇಳಿ. ಮೊದಲ ಲೇಖಕರಾ, ಕೊನೆಯ ಲೇಖಕರಾ ಅನ್ನುವುದನ್ನೂ ಅದು ಲೆಕ್ಕಕ್ಕೆ ತಗೊಳ್ಳುತ್ತೆ, ಸ್ವಂತ ಸೈಟೇಶನ್ ಬಿಟ್ಟ ಲೆಕ್ಕವನ್ನೂ ಕೊಡುತ್ತೆ. ಹಾಗಾಗಿ ಎಚ್-ಇಂಡೆಕ್ಸ್‌ಗಿಂತ ಅದು ಮೇಲು. ಆದರೂ ಗೈಡ್ ಆರಿಸಲು ಅದು ಸಾಲಲ್ಲ.

ಇನ್ನು ನಿಮಗೆ ಎಲ್ಲಕ್ಕಿಂತ ಉಪಯೋಗವಾಗುವ ಕೆಲಸ. ಸ್ಕಾಲರ್‌ನಲ್ಲಿ ಪಟ್ಟಿಯನ್ನು ಸೈಟೇಶನ್ ಪ್ರಕಾರ ನೋಡುವುದು ಬಿಟ್ಟು ವರ್ಷದ ಪ್ರಕಾರ ಜೋಡಿಸಿ. ಈಚಿನ ನಾಲ್ಕೈದು ವರ್ಷದ ಪೇಪರ್‌ಗಳಲ್ಲಿ ಮೊದಲ ಲೇಖಕರು ಯಾರು ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ಮೊದಲು, ಗೈಡ್ ಹೆಸರು ಕೊನೆಗೆ, ನಕ್ಷತ್ರದ ಗುರುತಿನ ಜೊತೆ ಇರುತ್ತೆ. ವಿದ್ಯಾರ್ಥಿಗಳ ಹೆಸರು ಮೊದಲಿಗೆ ಬರುತ್ತಿದೆಯಾ? ಒಂದೇ ಹೆಸರು ಎರಡು ಮೂರು ಪೇಪರ್‌ಗಳಲ್ಲಿ ಮುಂದುವರಿಯುತ್ತಾ, ಅಥವಾ ಒಂದರ ನಂತರ ಮಾಯವಾಗುತ್ತಾ? ಆಮೇಲೆ ಶೋಧಗಂಗಾಕ್ಕೆ ಹೋಗಿ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಥೀಸಿಸ್ ಭಂಡಾರ ಅದು. ಅಲ್ಲಿ ಗೈಡ್ ಹೆಸರಿನಿಂದ ಹುಡುಕಬಹುದು. ಇವರ ಕೈಕೆಳಗೆ ಎಷ್ಟು ಜನ ಮುಗಿಸಿದ್ದಾರೆ, ಸೇರಿದ್ದು ಯಾವಾಗ, ಮುಗಿಸಿದ್ದು ಯಾವಾಗ ಅಂತ ಅಂದಾಜು ಸಿಗುತ್ತೆ. ಒಂದು ಥೀಸಿಸ್ ಇಳಿಸಿಕೊಂಡು ಓದಿ. ಪೇಪರಿನಲ್ಲಿ ಬಾರದ ವಿಫಲವಾದ ಪ್ರಯೋಗಗಳು ಥೀಸಿಸ್‌ನಲ್ಲಿ ಇದ್ದರೆ ಅದು ಧೈರ್ಯದ ಲ್ಯಾಬ್.

ವರ್ಷದ ಪ್ರಕಾರ ಓದುವಾಗ ಇನ್ನೊಂದು ವಿಷಯವೂ ಕಾಣುತ್ತೆ: ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದಾರಾ, ಅಥವಾ ಗಾಳಿ ಬಂದ ಕಡೆ ತೂರಿಕೊಂಡಿದ್ದಾರಾ ಅನ್ನುವುದು. ಖರಗಪುರ ಐಐಟಿಯಲ್ಲಿದ್ದ ಸುಭಾಸ್ ಕುಂಡು ಅವರ ಪಟ್ಟಿ ನೋಡಿ. ಜಗತ್ತೆಲ್ಲ ಹಿಪ್ಪುನೇರಳೆ ರೇಷ್ಮೆಯ ಹಿಂದೆ ಇದ್ದಾಗ ಅವರ ತಂಡ ತಸರ್, ಮೂಗಾದಂಥ ಕಾಡು ರೇಷ್ಮೆಗಳನ್ನು ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿತು. ಆ ಫೈಬ್ರೊಯಿನ್‌ನಲ್ಲಿ ಆರ್‌ಜಿಡಿ ಅನ್ನುವ ಅಮೈನೊ ಆಮ್ಲಗಳ ಸಾಲು ಇದೆ, ಜೀವಕೋಶಗಳು ಅಂಟಿಕೊಳ್ಳಲು ಅದು ನೆರವಾಗುತ್ತೆ. ಒಂದು ಪೇಪರ್ ಇನ್ನೊಂದಕ್ಕೆ ಕಾರಣವಾಗುತ್ತಾ ಹೋಗಿರುವುದು ಅಂಥ ಪಟ್ಟಿಯಲ್ಲಿ ಎದ್ದು ಕಾಣುತ್ತೆ. ಎಚ್-ಇಂಡೆಕ್ಸ್ 9 ಇರುವವರ ಪಟ್ಟಿಯಲ್ಲೂ ಅಂಥ ಎಳೆ ಇರಬಹುದು, ಹುಡುಕಿ.

ಇಷ್ಟಾದ ಮೇಲೆ ಇಬ್ಬರ ಲ್ಯಾಬಿಗೂ ಹೋಗಿ, ಗೈಡ್ ಇಲ್ಲದ ಹೊತ್ತಿನಲ್ಲಿ ಅಲ್ಲಿನ ವಿದ್ಯಾರ್ಥಿಗಳ ಜೊತೆ ಮಾತಾಡಿ. ನಾರಿನ ಬಲ ಅಳೆಯುವ ಟೆನ್ಸೈಲ್ ಟೆಸ್ಟರ್ ಅಲ್ಲೇ ಇದೆಯಾ, ಹೊರಗೆ ಕಳಿಸುತ್ತಾರಾ? ಸೆಲ್ ಕಲ್ಚರ್ ಯಾರ ಜೊತೆ ಸೇರಿ ಮಾಡುತ್ತಾರೆ, ಸರತಿ ಎಷ್ಟು ದಿನ? ಡ್ರಾಫ್ಟ್ ಕೊಟ್ಟರೆ ಗೈಡ್ ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ? ಯುಜಿಸಿ ನಿಯಮದಲ್ಲಿ ಪ್ರೊಫೆಸರ್‌ಗೆ ಒಂದು ಹೊತ್ತಿಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ಪಿಎಚ್.ಡಿ. ವಿದ್ಯಾರ್ಥಿಗಳ ಮಿತಿ ಇದೆ. ಹಿರಿಯರ ಹತ್ತಿರ ಈಗ ಎಷ್ಟು ಜನ ಇದ್ದಾರೆ ಅಂತ ಸಂಕೋಚ ಇಲ್ಲದೆ ಕೇಳಿ.

ಹಿರಿಯರ ಈಚಿನ ಪೇಪರ್‌ಗಳಲ್ಲಿ ವಿದ್ಯಾರ್ಥಿಗಳ ಹೆಸರು ಮುಂದಿದ್ದು, ಕೆಲಸದಲ್ಲಿ ಎಳೆ ಇದ್ದು, ಅವರು ಲ್ಯಾಬಿಗೆ ಬರುವವರಾದರೆ ಅಲ್ಲಿಗೇ ಹೋಗಿ, ಅವರ ಅನುಭವ ಮತ್ತು ಪರಿಚಯದ ಬಳಗ ನಿಮಗೆ ದೊಡ್ಡ ಆಸ್ತಿ. 41ರಲ್ಲಿ ಹೆಚ್ಚಿನದು ಹದಿನೈದು ವರ್ಷ ಹಿಂದಿನದ್ದು, ಈಚಿನವೆಲ್ಲ ರಿವ್ಯೂಗಳು ಅಂತ ಕಂಡರೆ ನಾನಾಗಿದ್ದರೆ 9 ಇರುವವರನ್ನೇ ಆರಿಸುತ್ತಿದ್ದೆ, ಆದರೆ ಅವರ ಹತ್ತಿರ ಉಪಕರಣ ಮತ್ತು ಪ್ರಾಜೆಕ್ಟ್ ಹಣ ಇದೆಯಾ ಅಂತ ಮೊದಲು ಖಾತ್ರಿ ಮಾಡಿಕೊಂಡು. ಇಬ್ಬರೂ ಒಂದೇ ವಿಶ್ವವಿದ್ಯಾಲಯದವರಾದರೆ ಕಿರಿಯರನ್ನು ಗೈಡ್, ಹಿರಿಯರನ್ನು ಕೋ-ಗೈಡ್ ಮಾಡಿಕೊಳ್ಳಲು ಬರುತ್ತಾ ಅಂತಲೂ ವಿಚಾರಿಸಿ. ಅರ್ಜಿ ಹಾಕುವ ಮುಂಚೆಯೇ ಇಬ್ಬರಿಗೂ ಇದನ್ನು ನೇರವಾಗಿ ಹೇಳಿಬಿಡಿ. ಆಮೇಲೆ ಗೊತ್ತಾದರೆ ಮುಜುಗರ ಆಗುವುದು ನಿಮಗೇ.